ದೊಡ್ಡಪ್ಪನವರ ಉಯಿಲಿನ ಎರಡನೇ ಪುಟ

ಎಲ್ಲರಿಗೂ ನಮಸ್ಕಾರ. ಮಾತು ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಪೂರ್ತಿ ಕೇಳಿ. ಅಕ್ಕ, ನಿನ್ನೆ ನೀವು ಗುಂಪಿಗೆ ಹಾಕಿದ ದೊಡ್ಡಪ್ಪನವರ ಉಯಿಲಿನ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ. ರಿಜಿಸ್ಟರ್ ಆಗಿಲ್ಲವಾದ್ದರಿಂದ ಅದು ನಡೆಯುವುದಿಲ್ಲ ಎಂದು ಭಾವನವರು ಹೇಳಿದ್ದಾರೆ. ಆ ವಾದವನ್ನು ನೆಚ್ಚಿಕೊಂಡು ಗಂಗಾವತಿ ಕೋರ್ಟಿನ ಮೆಟ್ಟಿಲು ಹತ್ತಬೇಡಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆಯಲ್ಲಿದ್ದರೂ ಸಲ್ಲುತ್ತದೆ.

ನೋಡಬೇಕಾದದ್ದು ಎರಡನೇ ಪುಟ. ಟೈಪ್ ಆಗಿರುವ 'ಮೂವರು ಮಕ್ಕಳಿಗೂ ಸಮಪಾಲು' ಎಂಬ ಸಾಲಿಗೆ ಗೀಟು ಹೊಡೆದು, ಮೇಲೆ ನೀಲಿ ಶಾಯಿಯಲ್ಲಿ 'ಕಾಲುವೆ ಪಕ್ಕದ ಗದ್ದೆ ಪೂರ್ತಿ ಕಿರಿಯ ಮಗನಿಗೆ' ಎಂದು ಬರೆಯಲಾಗಿದೆ. ಗೀಟಿನ ಕೆಳಗಿನ ಅಕ್ಷರಗಳು ಈಗಲೂ ಸ್ಪಷ್ಟವಾಗಿ ಕಾಣುತ್ತವೆ, ಆದರೆ ಅಂಚಿನಲ್ಲಿ ದೊಡ್ಡಪ್ಪನವರ ಸಹಿಯಾಗಲಿ ಸಾಕ್ಷಿದಾರರ ಸಹಿಯಾಗಲಿ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 71ನೇ ಕಲಮಿನ ಪ್ರಕಾರ, ಉಯಿಲಿಗೆ ಸಹಿ ಬಿದ್ದ ಮೇಲೆ ಮಾಡಿದ ತಿದ್ದುಪಡಿಗೆ ಮತ್ತೆ ಬರೆಸಿದವರ ಸಹಿಯೂ ಸಾಕ್ಷಿಗಳ ಸಹಿಯೂ ಬೀಳದಿದ್ದರೆ ಅದಕ್ಕೆ ಬೆಲೆಯಿಲ್ಲ. ಹಳೆಯ ಸಾಲು ಓದಲು ಬರುವಷ್ಟಿದ್ದರೆ ಅದೇ ಉಳಿಯುತ್ತದೆ. ಕೋರ್ಟ್ ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದಾಗ ಇಂಥ ಕಾಗದಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಸಹಿಗೆ ಮೊದಲೇ ತಿದ್ದಿದ್ದು ಎಂದು ಆ ಕಿರಿಯ ಮಗ, ಅಂದರೆ ನಿಮ್ಮ ತಮ್ಮ, ಹೇಳಬಹುದು, ಹೇಳಿಯೇ ಹೇಳುತ್ತಾನೆ. ಹಾಗಿದ್ದರೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು, ದೊಡ್ಡಪ್ಪನವರು ಯಾವ ಕೋಣೆಯಲ್ಲಿ, ಯಾರ ಎದುರು ಸಹಿ ಮಾಡಿದರು, ಆಗ ಆ ನೀಲಿ ಅಕ್ಷರ ಇತ್ತೇ ಎಂಬುದನ್ನು ಹೇಳಬೇಕು. ದೊಡ್ಡಪ್ಪನವರು ಆಗ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು ಎಂಬುದೊಂದರಿಂದಲೇ ಉಯಿಲು ಬಿದ್ದುಹೋಗುವುದಿಲ್ಲ. ಆದರೆ ಕೊನೆಯ ವಾರದಲ್ಲಿ, ಲಾಭ ಪಡೆಯುವವನೇ ಹಾಸಿಗೆಯ ಪಕ್ಕ ನಿಂತು ಬರೆಸಿದ್ದು ಎಂದಾದರೆ, ಆ ಅನುಮಾನವನ್ನು ಕಳೆಯುವ ಹೊಣೆ ಉಯಿಲನ್ನು ಮುಂದಿಡುವವನದೇ. ಮೈಸೂರು ಸೀಮೆಯ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 1959ರ ವರದಿಗಳಲ್ಲಿ ಅಚ್ಚಾದ ಆ ತೀರ್ಪನ್ನು ಇಂದಿಗೂ ವಕೀಲರು ಮೊದಲು ತೆಗೆಯುತ್ತಾರೆ. ಆದ್ದರಿಂದ ಆಸ್ಪತ್ರೆಯ ಕೇಸ್ ಶೀಟಿನ ನಕಲಿಗೆ ಈ ವಾರವೇ ಅರ್ಜಿ ಕೊಡಿ.

ಇನ್ನೊಂದು ಮಾತು. ಆ ಗದ್ದೆ ತಾತನವರಿಂದ ಬಂದದ್ದೋ, ದೊಡ್ಡಪ್ಪನವರು ಸ್ವಂತ ಕೊಂಡದ್ದೋ ಎಂದು ಹಳೆಯ ಪಹಣಿಯಲ್ಲಿ ನೋಡಿ. ಪಿತ್ರಾರ್ಜಿತವಾಗಿದ್ದರೆ ಅವರು ತಮ್ಮ ಪಾಲನ್ನು ಮಾತ್ರ ಉಯಿಲಿನಲ್ಲಿ ಕೊಡಬಲ್ಲರು, ಅಕ್ಕ, ನಿಮ್ಮ ಪಾಲನ್ನಲ್ಲ.

ಖಾತೆ ಬದಲಾವಣೆಯ ನೋಟಿಸ್ ಬಂದರೆ ಗಡುವಿನೊಳಗೆ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡಿ. ಖಾತೆಯಾದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಆದರೂ ಸುಮ್ಮನಿರಬೇಡಿ. ಮೂಲ ಪ್ರತಿ ದೊಡ್ಡಮ್ಮನ ಟ್ರಂಕಿನಲ್ಲಿದೆಯಂತೆ. ಅದು ಅಲ್ಲೇ ಇರಲಿ. ಹರಿಯಬಾರದು ಎಂದು ಯಾರೂ ಲ್ಯಾಮಿನೇಷನ್ ಮಾಡಿಸಬೇಡಿ, ಶಾಯಿಯನ್ನು ಪರೀಕ್ಷಿಸಲು ಆಗುವುದಿಲ್ಲ. ಭಾನುವಾರ ನಾನೇ ಬರುತ್ತೇನೆ.