ಅಣ್ಣನ ಬಾಯಿ ಸುಮ್ನೆ ಅಲ್ಲಾಡ್ತಾ ಇರುತ್ತೆ, ಫಿಶ್ ಆಯಿಲ್ ಕೊಟ್ರೆ ಕಮ್ಮಿ ಆಗುತ್ತಾ?

ಇರುವಂತಿಗೆ:

ನಮಸ್ಕಾರ ಎಲ್ರಿಗೂ. ಅಣ್ಣನಿಗೆ ಸ್ಕಿಜೋಫ್ರೇನಿಯಾ ಅಂತ ಗೊತ್ತಾಗಿ 14 ವರ್ಷ ಆಯ್ತು. ಮೊದಲು ಹ್ಯಾಲೊಪೆರಿಡಾಲ್ ಕೊಡ್ತಿದ್ರು, ಆಮೇಲೆ ರಿಸ್ಪೆರಿಡೋನ್‌ಗೆ ಬದಲಾಯಿಸಿದ್ರು, ಈಗ ಐದಾರು ವರ್ಷದಿಂದ ಕಿವೀಲಿ ಧ್ವನಿ ಕೇಳಿಸೋದು ಹೆಚ್ಚುಕಮ್ಮಿ ನಿಂತೇ ಹೋಗಿದೆ, ತನ್ನ ಕೆಲಸ ತಾನು ಮಾಡ್ಕೋತಾನೆ, ನನ್ನ ಮಗಳಿಗೆ ಲೆಕ್ಕ ಹೇಳ್ಕೊಡ್ತಾನೆ. ಆದ್ರೆ ಹೋದ ವರ್ಷದಿಂದ ಬಾಯಲ್ಲಿ ಏನೂ ಇಲ್ದೇ ಇದ್ರೂ ಅಗಿಯೋ ಥರ ದವಡೆ ಆಡಿಸ್ತಾನೆ, ತುಟಿ ಚೂಪು ಮಾಡ್ತಾನೆ, ನಾಲಿಗೆ ಒಳಗೊಳಗೇ ಹೊರಳ್ತಾ ಇರುತ್ತೆ, ನಿದ್ದೆ ಹತ್ತಿದ ಮೇಲೆ ಮಾತ್ರ ಪೂರ್ತಿ ನಿಲ್ಲುತ್ತೆ. ಕೇಳಿದ್ರೆ ‘ನಾನೇನ್ ಮಾಡ್ತಿದೀನಿ?’ ಅಂತಾನೆ, ಅವನಿಗೆ ಗೊತ್ತೇ ಆಗಲ್ಲ.

ನಮ್ಮ ನೆಂಟರೊಬ್ಬರು ಇದು ಮೆದುಳಿಗೆ ಒಳ್ಳೇ ಕೊಬ್ಬು ಸಿಗದೆ ಬರೋದು, ಫಿಶ್ ಆಯಿಲ್‌ನಲ್ಲಿರೋ ಒಮೇಗಾ-3 ಅನ್ನೋ ಕೊಬ್ಬು ಕೊಡಿ, ಆರು ತಿಂಗಳಲ್ಲಿ ಮಾತ್ರೆ ಎಲ್ಲಾ ಬಿಡಿಸಬಹುದು ಅಂದ್ರು. ಅಣ್ಣನಿಗೂ ಅದು ಮನಸ್ಸಿಗೆ ಹತ್ತಿಬಿಟ್ಟಿದೆ, ಮಾತ್ರೆ ಬಿಡ್ತೀನಿ ಅಂತ ದಿನಾ ಹಠ. ನಿಜಕ್ಕೂ ಇದರಲ್ಲಿ ಏನಾದ್ರೂ ಇದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ, ನಂಗೆ ಭಯ ಆಗ್ತಿದೆ.

ಬೆಳ್ಳಕ್ಕಿ:

ಅಕ್ಕ, ಮೊದಲನೇ ಮಾತು, ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸೋ ಅಪಾಯ ಒಂದು ಕಡೆ ಆದ್ರೆ, ಮಾತ್ರೆ ತಟ್ಟನೆ ನಿಲ್ಲಿಸಿದಾಗ ಆ ಬಾಯಿ ಆಡೋದು ಇನ್ನೂ ಜೋರಾಗಬಹುದು.

ನಾನು ಆಸ್ಪತ್ರೇಲಿ ಔಷಧಿ ವಿಭಾಗದಲ್ಲಿ ಕೆಲಸ ಮಾಡೋಳು. ನೀವು ಹೇಳಿದ್ದು ಕೇಳಿದ್ರೆ ಟಾರ್ಡೈವ್ ಡಿಸ್ಕೈನೇಶಿಯಾ, ಅಂದ್ರೆ ಔಷಧಿಯಿಂದ ತಡವಾಗಿ ಶುರುವಾಗಿ ಬಾಯಿ ಕೈ ತಾನಾಗೇ ಆಡೋ ತೊಂದರೆ, ಇರೋ ಹಾಗಿದೆ, ಆದ್ರೆ ನೋಡಿ ಖಚಿತ ಮಾಡಬೇಕಾದವರು ಡಾಕ್ಟ್ರು. ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕವನ್ನ ತಡೆಯೋ ಔಷಧಿಗಳನ್ನ ವರ್ಷಗಟ್ಟಲೆ ತಗೊಂಡಾಗ, ನರಕೋಶದ ಮೇಲೆ ಅದನ್ನ ಹಿಡಿಯೋ ರಿಸೆಪ್ಟರ್‌ಗಳು ಅತಿಸೂಕ್ಷ್ಮ ಆಗಿಬಿಡ್ತವೆ ಅನ್ನೋದು ಇದಕ್ಕೆ ಹೆಚ್ಚಾಗಿ ಕೊಡೋ ವಿವರಣೆ. ಹ್ಯಾಲೊಪೆರಿಡಾಲ್ ಥರದ ಹಳೇ ಔಷಧಿಗಳಲ್ಲಿ ಇದು ಜಾಸ್ತಿ, ರಿಸ್ಪೆರಿಡೋನ್‌ನಲ್ಲೂ ಬರುತ್ತೆ.

ಕೊಬ್ಬಿನ ವಿಷಯಕ್ಕೆ ಬಂದ್ರೆ ನಿಮ್ಮ ನೆಂಟರು ಹೇಳಿದ್ದು ಗಾಳಿಮಾತಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ನರಕೋಶದ ಹೊರಪೊರೆ ಆಗಿರೋದೇ ಕೊಬ್ಬಿನಿಂದ, ಅದರಲ್ಲಿ ಡಿಎಚ್‌ಎ (ಇದೊಂದು ಒಮೇಗಾ-3) ಮತ್ತೆ ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲಗಳು ತುಂಬ ಇರ್ತವೆ, ರಿಸೆಪ್ಟರ್‌ಗಳು ಕೂತಿರೋದೂ ಆ ಪೊರೆಯಲ್ಲೇ. ಡೇವಿಡ್ ಹಾರೊಬಿನ್ ಅನ್ನೋ ಬ್ರಿಟಿಷ್ ಸಂಶೋಧಕ 1977ರಷ್ಟು ಹಿಂದೇನೇ ಸ್ಕಿಜೋಫ್ರೇನಿಯಾದಲ್ಲಿ ಪ್ರೋಸ್ಟಗ್ಲಾಂಡಿನ್ ಅನ್ನೋ ಹಾರ್ಮೋನಿನಂಥ ವಸ್ತುವಿನ ಕೊರತೆ ಇದೆ ಅಂತ ವಾದ ಮಾಡಿದ್ರು, ಪ್ರೋಸ್ಟಗ್ಲಾಂಡಿನ್ ತಯಾರಾಗೋದು ಈ ಕೊಬ್ಬಿನಾಮ್ಲಗಳಿಂದಾನೇ, ಆಮೇಲೆ ಆ ವಾದವನ್ನ ಪೊರೆಯ ಕೊಬ್ಬಿನ ಸಿದ್ಧಾಂತವಾಗಿ ಬೆಳೆಸಿದ್ರು. ಅದಕ್ಕೆ ಬೆಂಬಲವಾಗಿ ಒಂದು ವಿಚಿತ್ರ ಗಮನಿಕೆ ಇದೆ, ನಯಾಸಿನ್ ಅಂದ್ರೆ ಬಿ3 ವಿಟಮಿನ್ ಚರ್ಮಕ್ಕೆ ತಾಗಿಸಿದ್ರೆ ಪ್ರೋಸ್ಟಗ್ಲಾಂಡಿನ್‌ನಿಂದಾಗಿ ಸಾಮಾನ್ಯವಾಗಿ ಕೆಂಪಾಗುತ್ತಲ್ಲ, ಸ್ಕಿಜೋಫ್ರೇನಿಯಾ ಇರೋ ಹಲವರಲ್ಲಿ ಅದು ಅಷ್ಟು ಕೆಂಪಾಗಲ್ಲ. ಕೇಳೋಕೆ ತುಂಬ ಚೆನ್ನಾಗಿದೆ. ಆದ್ರೆ ಸಿದ್ಧಾಂತ ಚೆನ್ನಾಗಿದ್ದ ಮಾತ್ರಕ್ಕೆ ಕ್ಯಾಪ್ಸೂಲ್ ಕೆಲಸ ಮಾಡುತ್ತೆ ಅಂತಲ್ಲ, ಪರೀಕ್ಷೆ ಮಾಡಿ ನೋಡಿದಾಗ ಏನಾಯ್ತು ಅನ್ನೋದು ಮುಖ್ಯ.

2001ರಲ್ಲಿ ಅಮೆರಿಕದಲ್ಲಿ 87 ಜನರ ಮೇಲೆ ದಿನಕ್ಕೆ 3 ಗ್ರಾಂ ಇಪಿಎ (ಫಿಶ್ ಆಯಿಲ್‌ನಲ್ಲಿರೋ ಇನ್ನೊಂದು ಒಮೇಗಾ-3) 16 ವಾರ ಕೊಟ್ಟು ನೋಡಿದ್ರು, ಪ್ಲಸೀಬೋ ಅಂದ್ರೆ ಔಷಧಿ ಇಲ್ಲದ ಹುಸಿ ಮಾತ್ರೆಗಿಂತ ಏನೂ ಹೆಚ್ಚು ಉಪಯೋಗ ಕಾಣಲಿಲ್ಲ. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ 40 ಜನಕ್ಕೆ ಅದೇ 3 ಗ್ರಾಂ 12 ವಾರ ಕೊಟ್ಟಾಗ ಕಾಯಿಲೆ ಲಕ್ಷಣಾನೂ ಕಮ್ಮಿ ಆಯ್ತು, ಬಾಯಿ ಕೈ ಆಡೋದೂ ಕಮ್ಮಿ ಆಯ್ತು, ಎಲ್ರಿಗೂ ಆಸೆ ಹುಟ್ಟಿತು. ಹಾಗಾಗಿ ಆ ತಂಡದವರೇ ಟಾರ್ಡೈವ್ ಡಿಸ್ಕೈನೇಶಿಯಾ ಇರೋ 84 ಜನರನ್ನ ಸೇರಿಸ್ಕೊಂಡು ದಿನಕ್ಕೆ 2 ಗ್ರಾಂ ಕೊಟ್ಟು ದೊಡ್ಡದಾಗಿ ಮಾಡಿದ್ರು, 2006ರಲ್ಲಿ ಫಲಿತಾಂಶ ಬಂತು. ಮೊದಮೊದಲು ಸ್ವಲ್ಪ ವ್ಯತ್ಯಾಸ ಕಂಡಿದ್ದು ಕೊನೆ ತನಕ ಉಳೀಲಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕು ಅಂದ್ರೆ ಇದೇ ಅಕ್ಕ. ಬಾಯಿ ಆಡೋದಕ್ಕೆ ಫಿಶ್ ಆಯಿಲ್ ನಂಬ್ಕೊಂಡು ಕೂರೋ ಹಾಗಿಲ್ಲ.

ನಸುಕು:

ಬೆಳ್ಳಕ್ಕಿಯವರೇ ಇಷ್ಟು ನಿರಾಸೆ ಯಾಕೆ ಮಾಡ್ತೀರ? 2010ರಲ್ಲಿ ವಿಯೆನ್ನಾದಲ್ಲಿ ಮಾಡಿದ ಅಧ್ಯಯನ ಇದ್ಯಲ್ಲ, ಕಾಯಿಲೆ ಬರೋ ಸೂಚನೆ ಇದ್ದ 81 ಹುಡುಗ ಹುಡುಗಿಯರಿಗೆ ಬರೀ 12 ವಾರ 1.2 ಗ್ರಾಂ ಒಮೇಗಾ-3 ಕೊಟ್ರು, ಒಂದು ವರ್ಷ ಆದಾಗ ಕ್ಯಾಪ್ಸೂಲ್ ತಗೊಂಡವರಲ್ಲಿ ಶೇ. 4.9 ಜನಕ್ಕೆ ಸೈಕೋಸಿಸ್ (ಧ್ವನಿ ಕೇಳಿಸೋದು, ಭ್ರಮೆ ಥರದ ಸ್ಥಿತಿ) ಬಂದಿತ್ತು, ಪ್ಲಸೀಬೋ ತಗೊಂಡವರಲ್ಲಿ ಶೇ. 27.5. ನನ್ನ ತಮ್ಮನಿಗೂ ಅಂಥ ಸೂಚನೆ ಇದ್ದಾಗ ಇದನ್ನ ಓದಿ ನಾನು ಎಷ್ಟು ಧೈರ್ಯ ತಗೊಂಡಿದ್ದೆ ಅಂತ ನಂಗೇ ಗೊತ್ತು.

ಬೆಳ್ಳಕ್ಕಿ:

ಆ ಧೈರ್ಯ ನಂಗೆ ಅರ್ಥ ಆಗುತ್ತೆ, ನಿಮ್ಮ ತಮ್ಮ ಚೆನ್ನಾಗಿರಲಿ. ಆ ಅಧ್ಯಯನ ಚೆನ್ನಾಗೇ ಮಾಡಿದ್ದು. ಆದ್ರೆ ಅದನ್ನೇ ಹಲವು ದೇಶಗಳಲ್ಲಿ 304 ಜನರ ಮೇಲೆ ಮತ್ತೆ ಮಾಡಿದ್ರು, ನ್ಯೂರಾಪ್ರೋ ಅಂತ ಹೆಸರು, 2017ರಲ್ಲಿ ಬಂತು, ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದ ಜನಕ್ಕೆ ಕಾಯಿಲೆ ಬಂದಿತ್ತು. ಅಲ್ಲಿ ಎಲ್ರಿಗೂ ಮಾತುಕತೆಯ ಚಿಕಿತ್ಸೆ ಕೂಡ ಸಿಗ್ತಿತ್ತು, ಅದರಿಂದ ವ್ಯತ್ಯಾಸ ಮುಚ್ಚಿಹೋಗಿರಬಹುದು ಅಂತಾನೂ ವಾದ ಇದೆ. ಇನ್ನೊಂದು, ಅದು ಕಾಯಿಲೆ ಬರೋಕೆ ಮುಂಚಿನ ಪ್ರಶ್ನೆ, ಇವರಣ್ಣನಿಗೆ ಕಾಯಿಲೆ ಬಂದೇ 14 ವರ್ಷ ಆಗಿದೆ, ಎರಡೂ ಬೇರೆ ಬೇರೆ.

ಅಕ್ಕ, ನಿಮ್ಮನ್ನ ಒಂದು ಕೇಳ್ಬೇಕಿತ್ತು. ಅಣ್ಣ ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ತಗೋತಿದ್ದಾರಾ? ಅದು ಕೈ ನಡುಗೋದು, ಮೈ ಬಿಗಿಯೋದು ಇದ್ರೆ ಉಪಯೋಗ ಆಗುತ್ತೆ, ಆದ್ರೆ ಈ ಬಾಯಿ ಆಡೋ ತೊಂದರೆಯನ್ನ ಅದು ಜಾಸ್ತಿ ಮಾಡಬಹುದು. ಎರಡಕ್ಕೂ ಒಂದೇ ಮಾತ್ರೆ ಅಂದ್ಕೊಂಡು ಎಷ್ಟೋ ಜನ ವರ್ಷಗಟ್ಟಲೆ ನುಂಗ್ತಾರೆ. ಹೌದು ಅಂದ್ರೆ ಡಾಕ್ಟ್ರ ಹತ್ರ ಇದನ್ನೇ ಮೊದಲು ಎತ್ತಿ, ಆದ್ರೆ ಅದನ್ನೂ ತಟ್ಟನೆ ನಿಲ್ಲಿಸೋ ಹಾಗಿಲ್ಲ, ನಿಧಾನಕ್ಕೆ ಇಳಿಸ್ಬೇಕು.

ಹಳೇ ರೇಡಿಯೋ:

ನಾನು ಸ್ಕಿಜೋಫ್ರೇನಿಯಾ ಜೊತೆ 22 ವರ್ಷದಿಂದ ಬದುಕ್ತಿರೋನು. ನಾನೂ ಎರಡು ವರ್ಷ ಫಿಶ್ ಆಯಿಲ್ ತಗೊಂಡೆ, ಅದನ್ನ ಹೇಳೋಣ ಅಂತ ಬಂದೆ.

ನಾನು ಮಾಡಿದ ತಪ್ಪು ಲೆಕ್ಕ. ಸಾಮಾನ್ಯವಾಗಿ ಸಿಗೋ 1000 ಮಿಲಿಗ್ರಾಂ ಕ್ಯಾಪ್ಸೂಲ್‌ನಲ್ಲಿ ಇಪಿಎ ಇರೋದು 180 ಮಿಲಿಗ್ರಾಂ, ಡಿಎಚ್‌ಎ 120, ಉಳಿದಿದ್ದು ಬೇರೆ ಕೊಬ್ಬು. ನಾನು ಎರಡು ನುಂಗಿ ಎರಡು ಗ್ರಾಂ ಆಯ್ತು ಅಂದ್ಕೊಂಡಿದ್ದೆ, ಆದ್ರೆ ಪ್ರಯೋಗಗಳಲ್ಲಿ ಕೊಟ್ಟಷ್ಟು 2 ಗ್ರಾಂ ಇಪಿಎ ಬೇಕು ಅಂದ್ರೆ ಅಂಥ ಹನ್ನೊಂದು ಕ್ಯಾಪ್ಸೂಲ್ ಬೇಕು. ಹಾಗಂತ ಹನ್ನೊಂದು ನುಂಗಿ ಅಂತ ಹೇಳ್ತಿಲ್ಲ, ಹೆಚ್ಚು ಪ್ರಮಾಣದಲ್ಲಿ ಹೃದಯದ ಬಡಿತ ಏರುಪೇರಾಗೋ ಅಪಾಯ ಇದೆ ಅಂತ ಡಾಕ್ಟ್ರು ನಂಗೆ ಹೇಳಿದ್ರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಅಂತೂ ಕೇಳದೆ ಮುಟ್ಟಬಾರದು. ಅಗಸೆ ಎಣ್ಣೆಯಲ್ಲೂ ಒಮೇಗಾ-3 ಇದೆ, ಆದ್ರೆ ಬೇರೆ ರೂಪದಲ್ಲಿ, ನಮ್ಮ ಮೈ ಅದರಲ್ಲಿ ಸ್ವಲ್ಪಾನ ಮಾತ್ರ ಇಪಿಎಗೆ ಬದಲಾಯಿಸುತ್ತೆ, ಡಿಎಚ್‌ಎ ಅಂತೂ ಇನ್ನೂ ಕಮ್ಮಿ.

ನನಗೆ ಉಪಯೋಗ ಆಗಿದ್ದು ಅಂದ್ರೆ ರಕ್ತದ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬಿಗೆ, ನಾನು ಈ ಕಾಯಿಲೆಗೆ ತಗೊಳ್ಳೋ ಕ್ಲೋಜಪಿನ್‌ನಿಂದ ಅದು ಏರಿತ್ತು, ಡಾಕ್ಟ್ರು ಹೇಳಿದ ಪ್ರಮಾಣದಲ್ಲಿ ತಗೊಂಡಾಗ ಇಳೀತು. ತಲೆ ವಿಷಯದಲ್ಲಿ ಏನೂ ಗೊತ್ತಾಗಲಿಲ್ಲ.

ಇನ್ನೊಂದು ಹೇಳ್ತೀನಿ ಅಕ್ಕ, ಬೇಜಾರ್ ಮಾಡ್ಕೋಬೇಡಿ. ನಿಮ್ಮಣ್ಣ ಮಾತ್ರೆ ಬಿಡ್ತೀನಿ ಅಂತಾರಲ್ಲ, ಯಾಕೆ ಅಂತ ಒಂದ್ಸಲ ಕೂತು ಕೇಳಿದೀರಾ? ಬಾಯಿ ಆಡೋದು ಅವರಿಗೆ ಗೊತ್ತೇ ಆಗಲ್ಲ ಅಂತ ನೀವೇ ಬರ್ದಿದೀರ. ಅಂದ್ಮೇಲೆ ಅವರಿಗೆ ಕಷ್ಟ ಕೊಡ್ತಿರೋದು ಬೇರೆ ಏನೋ ಇರಬೇಕು. ನನಗೆ ನಿದ್ದೆ ಮಂಪರು, ಬೆಳಿಗ್ಗೆ ಹತ್ತರ ತನಕ ತಲೆಯೊಳಗೆ ಹತ್ತಿ ತುಂಬಿದ ಹಾಗೆ, ಅದಕ್ಕೇ ಎರಡು ಸಲ ಬಿಟ್ಟು ಎರಡು ಸಲಾನೂ ಆಸ್ಪತ್ರೆ ಸೇರಿದೆ. ಮೂರನೇ ಸಲ ಒಬ್ರು ಕೇಳಿದ್ರು, ಮಾತ್ರೆ ಹೊತ್ತು ಬದಲಾಯಿಸಿದ್ರು, ಅಷ್ಟೇ, ಇವತ್ತಿನ ತನಕ ಬಿಟ್ಟಿಲ್ಲ.

ಬೆಳ್ಳಕ್ಕಿ:

ರೇಡಿಯೋ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಚಿಕಿತ್ಸೆ ಬಗ್ಗೆ ಎರಡು ಮಾತು ಸೇರಿಸ್ತೀನಿ, ವ್ಯಾಲ್‌ಬೆನಜೀನ್ ಮತ್ತು ಡ್ಯೂಟೆಟ್ರಾಬೆನಜೀನ್ ಅಂತ ಎರಡು ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಗೆ ಅಂತಲೇ ಒಪ್ಪಿಗೆ ಸಿಕ್ಕಿದೆ, ಹಳೇ ಟೆಟ್ರಾಬೆನಜೀನ್ ಕೂಡ ಬಳಸ್ತಾರೆ ಆದ್ರೆ ಅದರಲ್ಲಿ ಖಿನ್ನತೆ ಬರಬಹುದು, ಹುಷಾರಾಗಿರ್ಬೇಕು. ಕೆಲವರಿಗೆ ಮೂಲ ಔಷಧಿಯನ್ನೇ ಕ್ಲೋಜಪಿನ್‌ಗೆ ಬದಲಾಯಿಸ್ತಾರೆ. ಡಾಕ್ಟ್ರ ಹತ್ರ ಹೋಗುವಾಗ ವಿಡಿಯೋ ತಗೊಂಡು ಹೋಗಿ. ಎಐಎಂಎಸ್ ಅಂತ ಒಂದು ಅಳತೆ ಇದೆ, ಮುಖ ತುಟಿ ದವಡೆ ನಾಲಿಗೆ ಕೈ ಕಾಲು ಸೊಂಟ ಒಂದೊಂದಕ್ಕೂ 0 ಇಂದ 4ರ ತನಕ ಅಂಕ ಕೊಡ್ತಾರೆ, ಅದನ್ನ ಬರೆಸಿಕೊಂಡು ಬನ್ನಿ, ಮುಂದೆ ಏನೇ ಬದಲಾಯಿಸಿದ್ರೂ ಹೋಲಿಸೋಕೆ ಬೇಕಾಗುತ್ತೆ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಯಾರಾದ್ರೂ ಹೇಳಿದ್ರೆ ಅದನ್ನೂ ಡಾಕ್ಟ್ರನ್ನ ಕೇಳದೆ ಬೇಡ, ಸ್ಕಿಜೋಫ್ರೇನಿಯಾಕ್ಕೆ ಕೊಡೋ ಫೆನೋಥಯಜೀನ್ ಅನ್ನೋ ಹಳೇ ಗುಂಪಿನ ಔಷಧಿ ಜೊತೆ ಫಿಟ್ಸ್ ಬಂದಿದ್ದ ಹಳೇ ವರದಿಗಳಿವೆ, ಆಮೇಲೆ ಅದನ್ನ ಪ್ರಶ್ನೆ ಮಾಡಿದವರೂ ಇದ್ದಾರೆ.

ಇರುವಂತಿಗೆ:

ಎಲ್ರಿಗೂ ತುಂಬ ಥ್ಯಾಂಕ್ಸ್. ಹತ್ತು ದಿನ ಆಯ್ತು, ಬಂದು ಬರೀತಿದೀನಿ. ಟ್ರೈಹೆಕ್ಸಿಫೆನಿಡಿಲ್ ಇತ್ತು! ಹ್ಯಾಲೊಪೆರಿಡಾಲ್ ಕಾಲದಲ್ಲಿ ಕೈ ನಡುಗ್ತಿತ್ತು ಅಂತ ಶುರು ಮಾಡಿದ್ದು, ನಡುಕ ಹೋಗಿ ಎಷ್ಟೋ ವರ್ಷ ಆಗಿದ್ರೂ ಚೀಟಿಯಿಂದ ಚೀಟಿಗೆ ಹಾಗೇ ಬರೀತಾ ಬಂದಿದ್ದಾರೆ, ನಾವೂ ಕೇಳಲಿಲ್ಲ. ಡಾಕ್ಟ್ರು ಹೌದು ಟಾರ್ಡೈವೇ ಅಂದ್ರು, ಆ ನಡುಕದ ಮಾತ್ರೇನ ವಾರವಾರ ಸ್ವಲ್ಪ ಇಳಿಸೋಣ, ಆಮೇಲೆ ಮತ್ತೆ ಅಂಕ ನೋಡಿ ಮುಂದಿನದ್ದು ಅಂದಿದ್ದಾರೆ. ಈಗ ನಾಲಿಗೆಗೆ 3, ದವಡೆಗೆ 2. ಫಿಶ್ ಆಯಿಲ್ ಬೇಕಾದ್ರೆ ಸಣ್ಣ ಪ್ರಮಾಣದಲ್ಲಿ ತಗೊಳ್ಳಲಿ, ಮಾತ್ರೆ ಬದಲಿಗೆ ಅಲ್ಲ ಅಂದ್ರು.

ಹಳೇ ರೇಡಿಯೋ ಅವರೇ, ಅವತ್ತು ರಾತ್ರಿನೇ ಅಣ್ಣನ್ನ ಕೇಳಿದೆ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ ‘ಪಾಪು ಲೆಕ್ಕ ತಂದಾಗ ಮೊದಲು ತಕ್ಷಣ ಹೇಳ್ತಿದ್ದೆ, ಈಗ ನಡುವೆ ಮರೆತು ಹೋಗುತ್ತೆ, ಅದಕ್ಕೇ ಬಿಡ್ಬೇಕು ಅನ್ಸಿದ್ದು’ ಅಂದ. ಮರೆವಿಗೂ ಆ ನಡುಕದ ಮಾತ್ರೆ ಕಾರಣ ಇರಬಹುದು ಅಂತ ಡಾಕ್ಟ್ರು ಹೇಳಿದ್ದನ್ನ ಅವನಿಗೆ ಹೇಳಿದೆ. ನಿನ್ನೆ ರಿಸ್ಪೆರಿಡೋನ್ ಅವನೇ ಕೇಳಿ ತಗೊಂಡ.