ಪದಚರ್ಚೆ: ಅಗ್ರಿಪ್ಪ ಮಾಡಿದನೋ, ಮಾಡಿಸಿದನೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪದವೇನೋ ಲ್ಯಾಟಿನ್ನಿನದು, ‘ಫೇಕಿತ್’. ತೊಡಕು ಮಾತ್ರ ಪೂರಾ ಕನ್ನಡದ್ದು.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ರೋಮಿಗೆ ಹೋಗಿದ್ದೆ. ಅಲ್ಲಿನ ಪುರಾತನ ದೇವಾಲಯ ಪ್ಯಾಂಥಿಯನ್ ಮುಂದೆ ಟಿಕೆಟಿಗೆ ಉದ್ದ ಸಾಲು. (ಮೊದಲು ಪುಕ್ಕಟೆ ಬಿಡುತ್ತಿದ್ದರು. 2023ರ ಜುಲೈಯಿಂದ ಟಿಕೆಟ್.) ನಿಂತು ನಿಂತು ಬೇಜಾರಾಗಿ ಅಮ್ಮ ಮೇಲೆ ನೋಡಿದರು. ಮುಖಮಂಟಪದ ಕಂಬಗಳ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಇದೆ. “ಅದೇನು ಬರೆದಿದೆ, ಓದು” ಅಂದರು. ನಾನು ಸ್ವಲ್ಪ ಜಂಭದಿಂದಲೇ ಬಿಡಿಸಿ ಹೇಳಿದೆ: ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ, ಮೂರನೇ ಸಲ ಕಾನ್ಸಲ್ (ರೋಮಿನ ಅತಿ ದೊಡ್ಡ ಅಧಿಕಾರಿ) ಆಗಿದ್ದವನು, ಮಾಡಿದ.

“ಮಾಡಿದ್ನಾ, ಮಾಡಿಸಿದ್ನಾ?” ಅಮ್ಮ ಕೇಳಿದರು. “ಅಷ್ಟು ದೊಡ್ಡ ಮನುಷ್ಯ ತಾನೇ ಗಾರೆ ಕಲಸಿದ್ನಾ?”

ನಾನು ಸುಮ್ಮನಾದೆ. ಲ್ಯಾಟಿನ್ನಿನ ‘ಫೇಕಿತ್’ ಅಂದರೆ ‘ಮಾಡಿದ’ ಅಂತಲೇ. ‘ಮಾಡಿಸಿದ’ ಅಲ್ಲ. ಆದರೆ ಕನ್ನಡದಲ್ಲಿ ಹಾಗೆ ಹೇಳಿದರೆ ಅಮ್ಮನಿಗೆ ಅನಿಸಿದ್ದೇ ಅನಿಸುತ್ತದೆ. ಈಗ ನಮ್ಮ ಕನ್ನಡ ಸಂಘದ ಸಂಚಿಕೆಗೆ ಆ ಪ್ರವಾಸದ ಬಗ್ಗೆ ಬರೆಯುತ್ತಿದ್ದೇನೆ. ಆ ಒಂದು ಸಾಲಿನ ಅನುವಾದದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ‘ಮಾಡಿಸಿದ’ ಪರವಾಗಿ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಹತ್ತಿರದ ಶಾಸನ ನಿಮಗೆಲ್ಲ ಗೊತ್ತಿರುತ್ತದೆ. ‘ಶ್ರೀ ಚಾವುಂಡರಾಜಂ ಮಾಡಿಸಿದಂ’. ಪಕ್ಕದಲ್ಲೇ ತಮಿಳಿನಲ್ಲಿ ‘ಸೆಯ್ವಿತ್ತಾನ್’, ಮರಾಠಿಯಲ್ಲಿ ‘ಕರವಿಯಲೇ’. ಮೂರು ಭಾಷೆ, ಮೂರರಲ್ಲೂ ಮಾಡಿಸಿದ್ದೇ, ಮಾಡಿದ್ದಲ್ಲ. ಆಮೇಲೆ ಬಂದ ಗಂಗರಾಜನೂ ‘ಸುತ್ತಾಲಯವಂ ಮಾಡಿಸಿದಂ’. ಲಕ್ಷ್ಮೀಧರಾಮಾತ್ಯನ ಶಾಸನದಲ್ಲೂ ತಾಯಿ ಮಗನಿಗೆ ಹೇಳುವ ಮಾತು ‘ಕೆರೆಯಂ ಕಟ್ಟಿಸು’, ‘ದೇವಾಗಾರಮಂ ಮಾಡಿಸು’. ನೀನೇ ಹಾರೆ ಹಿಡಿ ಅಂತ ಆ ತಾಯಿ ಹೇಳುವುದಿಲ್ಲ.

ಇನ್ನೊಂದು ಹೋಲಿಕೆ ನೋಡಿ, ನನಗೆ ಬಹಳ ಹಿಡಿಸಿತು. ಚಾವುಂಡರಾಯ ಏನನ್ನು ಮಾಡಿಸಿದ ಅಂತ ಆ ಸಾಲಿನಲ್ಲಿ ಇಲ್ಲ. ಅಗ್ರಿಪ್ಪ ಏನನ್ನು ಮಾಡಿದ ಅಂತ ರೋಮಿನಲ್ಲೂ ಇಲ್ಲ. ಕರ್ಮಪದವೇ ಬೇಕಿಲ್ಲ, ಕಣ್ಣೆದುರಿಗೇ ನಿಂತಿದೆಯಲ್ಲ! ಹಾಗಾಗಿ ‘ಅಗ್ರಿಪ್ಪ ಮಾಡಿಸಿದ’ ಅಂತಷ್ಟೇ ಬರೆದರೆ ಕನ್ನಡದ ಶಾಸನದ ಲಯವೇ ಬಂದುಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ಯಾಂಥಿಯನ್ನಿನಿಂದ ತೈಬರ್ ನದಿಯ ಕಡೆ ನಡೆದು ಹೋದರೆ ಫಾಬ್ರಿಸಿಯಸ್ ಸೇತುವೆ ಸಿಗುತ್ತದೆ. ಕ್ರಿಸ್ತಪೂರ್ವ 62ರದ್ದು, ಇವತ್ತಿಗೂ ಜನ ಅದರ ಮೇಲೆ ಓಡಾಡುತ್ತಾರೆ. ಅದರ ಕಮಾನಿನ ಮೇಲೆ ‘ಫೇಕಿತ್’ ಇಲ್ಲ. ರಸ್ತೆಗಳ ಉಸ್ತುವಾರಿಯಾಗಿದ್ದ ಲೂಸಿಯಸ್ ಫಾಬ್ರಿಸಿಯಸ್ ‘ಫಾಕಿಯುಂದುಂ ಕೋಯೆರಾವಿತ್’ ಅಂತ ಇದೆ. ಅಂದರೆ ಅದು ಆಗುವಂತೆ ನೋಡಿಕೊಂಡ. ಮುಂದುವರಿದು, ಕೆಲಸ ಸರಿಯಾಗಿದೆ ಅಂತ ಒಪ್ಪಿದವನೂ ಅವನೇ. ಗುತ್ತಿಗೆ ಕೊಟ್ಟವನೇ ಪಾಸು ಮಾಡಿದ, ನಮ್ಮ ಊರಿನ ಕಡೆಯೂ ಕೇಳಿದ ಕಥೆ ಅಲ್ವಾ?

ಅಂದರೆ ಮಾಡುವುದಕ್ಕೂ ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಲ್ಯಾಟಿನ್ನಿಗೆ ಗೊತ್ತಿತ್ತು. ಬೇಕಾದರೆ ಹೇಳುತ್ತಿದ್ದರು. ಅಗ್ರಿಪ್ಪನ ಸಾಲಿನಲ್ಲಿ ಹೇಳಲಿಲ್ಲ. ಆತ ಅಗಸ್ಟಸ್ ಚಕ್ರವರ್ತಿಯ ಗೆಳೆಯ, ಆಮೇಲೆ ಅಳಿಯ. ‘ನಾನು ಮಾಡಿದೆ’ ಅನ್ನುವ ಠೀವಿ ಆ ಚಿಕ್ಕ ಕ್ರಿಯಾಪದದಲ್ಲೇ ಇದೆ. ಅದನ್ನು ‘ಮಾಡಿಸಿದ’ ಅಂತ ಬರೆದರೆ ಠೀವಿ ಸ್ವಲ್ಪ ಇಳಿಯುತ್ತದೆಯೇ? ಫಾಬ್ರಿಸಿಯಸನಿಗೆ ನಾನು ‘ಮುಂದೆ ನಿಂತು ಮಾಡಿಸಿದ’ ಅಂತ ಬರೆದುಕೊಂಡಿದ್ದೇನೆ. ಅದು ಸರಿಯಾಗಿ ಕೂತಿದೆ ಅನಿಸುತ್ತದೆ. ಸಮಸ್ಯೆ ಇರುವುದು ಅಗ್ರಿಪ್ಪನದೇ.

ಕನ್ನಡವೂ ಯಾವಾಗಲೂ ಇಷ್ಟು ಕಟ್ಟುನಿಟ್ಟಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅನ್ನುತ್ತೇವೆ. ಕಟ್ಟುವವನು ಮೇಸ್ತ್ರಿ, ಮಂತ್ರ ಹೇಳುವವರು ಪುರೋಹಿತರು. ಆದರೂ ದುಡ್ಡು ಸುರಿದು ಸಾಲಕ್ಕೆ ಬಿದ್ದವನೇ ಕಟ್ಟಿದವನು, ಮಾಡಿದವನು. ಬೆಂಗಳೂರು ಕಟ್ಟಿದ್ದು ಕೆಂಪೇಗೌಡರು. ಇಲ್ಲಿ ‘ಕಟ್ಟಿಸಿದ್ದು’ ಅಂದರೆ ಏನೋ ಕಮ್ಮಿ ಮಾಡಿದ ಹಾಗೆ. ಅದೇ ಕಟಿಂಗ್ ವಿಷಯಕ್ಕೆ ಬಂದರೆ ಮಾತ್ರ ‘ಮಾಡಿಸಿಕೊಂಡೆ’. ‘ಮಾಡಿಕೊಂಡೆ’ ಅಂದರೆ ಕನ್ನಡಿ ಮುಂದೆ ಕೂತು ಕತ್ತರಿ ಹಿಡಿದೆ ಅಂತಲೇ ಅರ್ಥ.

‘ರೂವಾರಿ’ ಪದ ನೋಡಿ. ಹಳೆಯ ಅರ್ಥ ಶಿಲ್ಪಿ, ಉಳಿ ಹಿಡಿದವನು. ಬೇಲೂರಿನಲ್ಲಿ ದಾಸೋಜನಂಥ ರೂವಾರಿಗಳ ಹೆಸರು ಮದನಿಕೆಯರ ಹತ್ತಿರವೇ ಕೆತ್ತಿದೆ. ಇವತ್ತಿನ ಪೇಪರಿನಲ್ಲಿ ‘ಯೋಜನೆಯ ರೂವಾರಿ’ ಅಂದರೆ ಉಳಿ ಕಂಡೇ ಇರದ ಮಂತ್ರಿ. ಮಾಡಿದವನ ಪದ ಮಾಡಿಸಿದವನ ಪಾಲಾಗಿದೆ.

ಇನ್ನು ನಿಜವಾದ ತಮಾಷೆ. ಇವತ್ತು ನಾವು ನೋಡುವ ಪ್ಯಾಂಥಿಯನ್ನನ್ನು ಅಗ್ರಿಪ್ಪ ಮಾಡಲೂ ಇಲ್ಲ, ಮಾಡಿಸಲೂ ಇಲ್ಲ! ಅವನು ಮಾಡಿಸಿದ್ದು ಕ್ರಿಸ್ತಪೂರ್ವ 27ರ ಆಸುಪಾಸಿನ ಕಟ್ಟಡ. ಅದು ಕ್ರಿ.ಶ. 80ರ ಬೆಂಕಿಯಲ್ಲಿ ಹೋಯಿತು. ಮತ್ತೆ ಕಟ್ಟಿಸಿದ್ದಕ್ಕೆ 110ರಲ್ಲಿ ಸಿಡಿಲು ಹೊಡೆಯಿತು. ಈಗಿರುವುದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, 125ರ ಸುಮಾರಿಗೆ ಮುಗಿದದ್ದು. ಆದರೆ ಆತ ತನ್ನ ಹೆಸರು ಹಾಕದೆ ಹಳೆಯ ಯಜಮಾನನ ಹೆಸರನ್ನೇ ಹಾಕಿಸಿದ. ಆ ಸಾಲನ್ನು ನಂಬಿ ವಿದ್ವಾಂಸರೇ ಬಹಳ ಕಾಲ ಮೋಸಹೋಗಿದ್ದರು. 1890ರ ದಶಕದಲ್ಲಿ ಗೋಡೆಯ ಇಟ್ಟಿಗೆಗಳ ಮೇಲಿನ ಮುದ್ರೆ ಓದಿದ ಮೇಲೆ ಗುಟ್ಟು ರಟ್ಟಾಯಿತು. ‘ಫೇಕಿತ್’ ಅರ್ಧ ಫೇಕ್ ಅಂತ ನಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರು.

ಹಾಗಾದರೆ ಹೇಡ್ರಿಯನ್ ಮಾಡಿದ್ದಕ್ಕೆ ಏನನ್ನಬೇಕು? ‘ಜೀರ್ಣೋದ್ಧಾರ’ ಅನ್ನಲು ಮನಸ್ಸಿಲ್ಲ. ಆ ಪದಕ್ಕೆ ಅಲ್ಲೇ ಬೇರೆ ಹಕ್ಕುದಾರರಿದ್ದಾರೆ. ದೊಡ್ಡ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರಹ ಇದೆ, 202ರದ್ದು. ‘ವಯಸ್ಸಾಗಿ ಕೆಟ್ಟಿದ್ದ’ ಪ್ಯಾಂಥಿಯನ್ನನ್ನು ಚಕ್ರವರ್ತಿಗಳಾದ ಸೆಪ್ಟಿಮಿಯಸ್ ಸೆವೆರಸ್ ಮತ್ತು ಕಾರಕಲ್ಲ ಸರಿಪಡಿಸಿದರು ಅನ್ನುತ್ತದೆ. ವಯಸ್ಸಾಗಿ ಕೆಟ್ಟದ್ದು ಅಂದರೆ ಜೀರ್ಣ, ಎತ್ತಿ ನಿಲ್ಲಿಸಿದರೆ ಉದ್ಧಾರ. ನಮ್ಮ ಶಾಸನಗಳ ‘ಖಂಡಸ್ಫುಟಿತ ಜೀರ್ಣೋದ್ಧಾರ’ (ಒಡೆದು ಬಿರುಕುಬಿಟ್ಟದ್ದರ ದುರಸ್ತಿ) ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೇಡ್ರಿಯನ್ನನದು ಹಾಗಲ್ಲ. 43.3 ಮೀಟರ್ ಅಗಲದ ಆ ಕಾಂಕ್ರೀಟ್ ಗುಮ್ಮಟ ಹೊಸದಾಗಿಯೇ ಎದ್ದದ್ದು. ‘ಪುನರ್ನಿರ್ಮಾಣ’ ಸರ್ಕಾರಿ ಟೆಂಡರಿನ ಪದದಂತೆ ಕೇಳಿಸುತ್ತದೆ. ಹೊಸದಾಗಿ ಕಟ್ಟಿಸಿ ಮೊದಲಿನವನ ಹೆಸರನ್ನೇ ಉಳಿಸುವುದಕ್ಕೆ ನಿಮ್ಮ ಊರಿನ ಕಡೆ ಏನಾದರೂ ಮಾತಿದೆಯೇ? ಅಜ್ಜನ ಹೆಸರಿನಲ್ಲೇ ಮನೆ ಎತ್ತಿಸುವವರು ನಮ್ಮಲ್ಲೂ ಇದ್ದಾರಲ್ಲ.

(ಗುಮ್ಮಟದ ನಡುವೆ ಆಕಾಶಕ್ಕೆ ತೆರೆದ ದುಂಡು ತೂತಿಗೆ ಪದ ಕೇಳುತ್ತಿಲ್ಲ. ‘ಬೆಳಕಿಂಡಿ’ ಅಂತ ಹಾಕಿದ್ದೇನೆ. ಲ್ಯಾಟಿನ್ನಿನಲ್ಲಿ ಅದು ‘ಕಣ್ಣು’, ‘ಗವಾಕ್ಷಿ’ಯಲ್ಲೂ ಕಣ್ಣಿದೆ, ಗೊತ್ತು. ಆದರೆ ಒಳಗೆ ಹೋದ ಕೂಡಲೇ ಅಮ್ಮ ಅಂದದ್ದು, “ಅಯ್ಯೋ, ನಮ್ಮ ಅಡುಗೆಮನೆ ಬೆಳಕಿಂಡಿ!” ಅದನ್ನು ಬದಲಿಸುವುದಿಲ್ಲ.)

ಒಟ್ಟು ಎರಡು ವಿಷಯ ತಿಳಿಸಿ. ದುಡ್ಡು ಕೊಟ್ಟವನೇ ‘ಮಾಡಿದಂ’ ಅಂತ ಹೇಳಿಕೊಂಡ ಕನ್ನಡ ಶಾಸನವನ್ನು ಯಾರಾದರೂ ಓದಿದ್ದೀರಾ? ಒಂದು ಸಿಕ್ಕರೂ ಸಾಕು, ಅಗ್ರಿಪ್ಪನಿಗೆ ಧೈರ್ಯವಾಗಿ ‘ಮಾಡಿದ’ ಅಂತಲೇ ಬರೆಯುತ್ತೇನೆ. ಹೇಡ್ರಿಯನ್ನನಿಗೆ ಸರಿಹೊಂದುವ ಪದ ಇದ್ದರೆ ಅದನ್ನೂ ಹೇಳಿ. ಸಂಚಿಕೆ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಮಾಡಿಸಿದ’ ಅಂತ ಬರೆದಿಟ್ಟಿದ್ದೇನೆ.