ದಿನಕ್ಕೆ ಹತ್ತಾರು ಸಲ ಬೆರಳು ಎಣಿಸಿದರೂ ಕನಸಲ್ಲಿ ಅರಿವು ಬರೋದಿಲ್ಲ, ಯಾಕೆ?

ಅಡ್ಮಿನ್: ಈ ವಾರ ನಮ್ಮ ಗುಂಪಿನ ನಿದ್ರಾತಜ್ಞ ಡಾಕ್ಟರು ಲೂಸಿಡ್ ಡ್ರೀಮ್ ಬಗ್ಗೆ ಉತ್ತರಿಸ್ತಾರೆ. ಕನಸು ಕಾಣ್ತಿರುವಾಗಲೇ "ಇದು ಕನಸು" ಅಂತ ಗೊತ್ತಾಗೋ ಕನಸು ಅದು. ಹೆಸರು ಬೇಡ, ಊರು ಹಾಕಿದರೆ ಸಾಕು.

ಪ್ರಶ್ನೆ (ಸುಂಟಿಕೊಪ್ಪ): ಡಾಕ್ಟ್ರೇ ನಮಸ್ಕಾರ. ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದರೆ ಲೆಕ್ಕ ಬರೆಯೋದು. ಎರಡು ತಿಂಗಳಿಂದ ಗಂಟೆಗೊಂದು ಅಲಾರಂ ಇಟ್ಟು, ಹೊಡೆದಾಗಲೆಲ್ಲ ಒಂದು ಕೈಯ ಬೆರಳು ಎಣಿಸ್ತೇನೆ, ಕನಸಾದರೆ ಎಣಿಕೆ ತಪ್ಪುತ್ತೆ ಅಂತ. ಕನಸಲ್ಲಿ ಒಂದೇ ಒಂದು ಸಲ ಎಣಿಸಿದ್ದು. ಐದೇ ಇತ್ತು. ಹಾಗಾದರೆ ಎಚ್ಚರವಾಗಿದ್ದೇನೆ ಅಂದ್ಕೊಂಡು ಆನೆ ಓಡಿಸೋಕೆ ಹೋದೆ. ಎಲ್ಲಿ ತಪ್ಪಿದೆ?

ಉತ್ತರ: ಕನಸಿನೊಳಗೆ ಬೆರಳು ಎಣಿಸುವ ತನಕ ಬಂದಿದ್ದೀರಿ, ಅದೇನು ಸಣ್ಣ ಮಾತಲ್ಲ. ಅಭ್ಯಾಸ ಇಳಿದಿದೆ, ಅನುಮಾನ ಇಳಿದಿಲ್ಲ. ಹಗಲಲ್ಲಿ ಎಣಿಸುವಾಗ ಉತ್ತರ ಐದು ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ಎಣಿಸ್ತೀರಿ. ಕನಸು ನಡೆಯೋದೇ ನಿರೀಕ್ಷೆಯ ಮೇಲೆ. ಐದು ಬೇಕು ಅಂದರೆ ಐದು ಕೊಡುತ್ತೆ.

ಅದಕ್ಕೇ ಬೆರಳೆಣಿಕೆಯನ್ನು ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಬೇಡಿ. ಮೂಗು ಹಿಡಿಯುವುದು ಇದಕ್ಕಿಂತ ಗಟ್ಟಿ. ಬಾಯಿ ಪೂರ್ತಿ ಮುಚ್ಚಿ, ಎರಡು ಬೆರಳಲ್ಲಿ ಮೂಗು ಹಿಂಡಿ, ಮೆಲ್ಲಗೆ ಉಸಿರು ಎಳೆದು ನೋಡಿ. ಎಚ್ಚರದಲ್ಲಿ ಗಾಳಿ ಬರೋದಿಲ್ಲ. ಕನಸಿನಲ್ಲಿ ಸಾಮಾನ್ಯವಾಗಿ ಬರುತ್ತೆ, ಯಾಕೆಂದರೆ ಹಾಸಿಗೆಯಲ್ಲಿ ಮಲಗಿರುವ ನಿಜವಾದ ಮೂಗನ್ನು ಯಾರೂ ಹಿಡಿದಿಲ್ಲ, ಅದು ತನ್ನ ಪಾಡಿಗೆ ಉಸಿರಾಡ್ತಿರುತ್ತೆ. ಎರಡನೇ ಪರೀಕ್ಷೆಗೆ ಅಂಗೈಗೆ ಇನ್ನೊಂದು ಕೈಯ ತೋರುಬೆರಳು ಒತ್ತಿ, ತೂರಿ ಹೋಗಬಹುದು ಅಂತ ನಿಜಕ್ಕೂ ಕಾಯಿರಿ. ಯಾವಾಗಲೂ ಎರಡು ಪರೀಕ್ಷೆ ಮಾಡಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತೆ.

ಆದರೆ ಪರೀಕ್ಷೆಗಿಂತ ಮುಂಚಿನ ಅರ್ಧ ನಿಮಿಷವೇ ಮುಖ್ಯ. ನಿಂತು ಕೇಳಿಕೊಳ್ಳಿ: ಇಲ್ಲಿಗೆ ಹೇಗೆ ಬಂದೆ? ಐದು ನಿಮಿಷದ ಹಿಂದೆ ಎಲ್ಲಿದ್ದೆ? ಕನಸಿನಲ್ಲಿ ಈ ಪ್ರಶ್ನೆಗೆ ಉತ್ತರ ತಡವರಿಸುತ್ತೆ, ಒಮ್ಮೆಲೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ಯಾರ್ಡಲ್ಲಿ ಇರ್ತೀರಿ, ಮನೆಯಿಂದ ಹೊರಟ ನೆನಪೇ ಇರೋದಿಲ್ಲ. ಸುತ್ತ ನೋಡಿ, ಹೊಂದದ್ದು ಏನಾದರೂ ಇದೆಯಾ ಹುಡುಕಿ, ಆಮೇಲೆ ಮೂಗು ಹಿಡಿಯಿರಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಟೋಲೈ ಈ ಪ್ರಶ್ನೆ ಕೇಳುವ ಕ್ರಮವನ್ನೇ ಒಂದು ವಿಧಾನವಾಗಿ ಬೆಳೆಸಿದವರು. ದಿನಕ್ಕೆ ಎಂಟು-ಹತ್ತು ಸಲ ಮನಸ್ಸಿಟ್ಟು ಮಾಡಿದರೆ ಸಾಕು.

ಇನ್ನು ಆ ಅಲಾರಂ. ಅದನ್ನು ತೆಗೆದುಬಿಡಿ. ನಿಮ್ಮ ಕನಸಿನಲ್ಲಿ ಫೋನ್ ಗಂಟೆಗೊಮ್ಮೆ ಹೊಡೆಯೋದಿಲ್ಲ, ಬಂದದ್ದು ಆನೆ. ಪರೀಕ್ಷೆಯನ್ನು ಕನಸಿನಲ್ಲಿ ಬರುವ ವಸ್ತುವಿಗೇ ಕಟ್ಟಬೇಕು. ಅದು ಯಾವುದು ಅಂತ ಗೊತ್ತಾಗೋಕೆ ಹದಿನೈದು ದಿನ ಕನಸು ಬರೆದಿಡಿ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯದಿಂದ ಹಿಂದಕ್ಕೆ ನೆನಪು ಮಾಡಿಕೊಳ್ಳಿ, ಆಮೇಲೆ ದಿಂಬಿನ ಪಕ್ಕದ ಪುಸ್ತಕದಲ್ಲಿ ನಾಲ್ಕು ಪದ ಗೀಚಿ. ಫೋನ್ ಮುಟ್ಟಿದರೆ ಮೊದಲ ಮೆಸೇಜಿನೊಂದಿಗೆ ಕನಸು ಹೋಯ್ತು. ಹದಿನೈದು ದಿನದ ಮೇಲೆ ಪುಸ್ತಕ ತಿರುವಿ, ಪದೇ ಪದೇ ಬಂದದ್ದಕ್ಕೆ ಗೆರೆ ಹಾಕಿ. ತೋಟದ ರೈಟರಿಗೆ ಸಾಮಾನ್ಯವಾಗಿ ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಲೆಕ್ಕ ಕೂಡದೆ ಇರೋದು, ಕೆಟ್ಟು ನಿಂತ ಜೀಪು, ಹಳೇ ಶಾಲೆಯ ಪರೀಕ್ಷೆ, ತೀರಿಕೊಂಡ ಹಿರಿಯರು, ಇಂಥವೇ ಇರುತ್ತವೆ. ಮೂರು ಕುರುಹು ಆರಿಸಿ, ಹೆಚ್ಚು ಬೇಡ. ಹಗಲಲ್ಲಿ ಲೆಕ್ಕ ಒಂದು ಸಲ ತಪ್ಪಿದ ಕೂಡಲೇ ಪರೀಕ್ಷೆ. ಜೀಪು ಹತ್ತುವ ಮುಂಚೆ ಪರೀಕ್ಷೆ. ತೀರಿಕೊಂಡ ಅಜ್ಜ ಹಗಲಲ್ಲಿ ಸಿಗೋದಿಲ್ಲ, ಗೋಡೆಯ ಫೋಟೋ ಕಂಡಾಗ ಮಾಡಿ. ಭಾವನೆಯೂ ಕುರುಹೇ: ತಡವಾಯ್ತು ಅನ್ನೋ ಗಾಬರಿ ಬಹಳ ಜನರ ಕನಸಿನಲ್ಲಿ ತಿರುತಿರುಗಿ ಬರುತ್ತೆ.

ಆನೆಯನ್ನೂ ಕುರುಹು ಮಾಡಿಕೊಳ್ಳಬಹುದು, ಆದರೆ ತೋಟಕ್ಕೆ ಆನೆ ಇಳಿದಿದೆ ಅಂತ ನಿಜವಾಗಿ ಸುದ್ದಿ ಬಂದರೆ ಮೊದಲು ಜಾಗ ಖಾಲಿ ಮಾಡಿ. ಮೂಗು ಮನೆಗೆ ಬಂದು ಹಿಡಿಯಿರಿ.

ಪ್ರಶ್ನೆ (ವಿರಾಜಪೇಟೆ): ಲೈಟ್ ಸ್ವಿಚ್ ಹಾಕಿ ನೋಡೋದು ಒಳ್ಳೇ ಪರೀಕ್ಷೆ ಅಂತ ಓದಿದ್ದೆ ಮೇಡಂ. ಕನಸಲ್ಲಿ ದೀಪ ಹತ್ತೋದಿಲ್ಲವಂತೆ.

ಉತ್ತರ: ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಎಚ್ಚರದಲ್ಲೂ ಹತ್ತೋದಿಲ್ಲ! ಕರೆಂಟ್ ಹೋಗೋದು ಮಾಮೂಲಾದ ಕಡೆ ಈ ಪರೀಕ್ಷೆ ಮನಸ್ಸಿಗೆ ಏನೂ ಕಲಿಸೋದಿಲ್ಲ. "ಇವತ್ತೂ ಲೈನ್ ಮೇಲೆ ಮರ ಬಿದ್ದಿರಬೇಕು" ಅಂತ ಕನಸಿನಲ್ಲೂ ಸಮಾಧಾನ ಸಿಗುತ್ತೆ.

ನಿಮಗೆ ಓದುವ ಪರೀಕ್ಷೆ ಒಳ್ಳೆಯದು. ಬರಹವನ್ನು ಓದಿ, ಮುಖ ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ, ಅಂಕಿ ಎರಡನೇ ನೋಟಕ್ಕೆ ಬದಲಾಗೋದು ಹೆಚ್ಚು. ಮನೆಯಲ್ಲಿ ಮಳೆಮಾಪಕ ಇದ್ದರೆ ಅದಕ್ಕಿಂತ ಒಳ್ಳೆಯ ಕುರುಹು ಬೇರೆ ಬೇಡ. ಹೇಗೂ ಬೆಳಿಗ್ಗೆ ಜಾರ್ ನೋಡಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಬರೆಯುತ್ತೀರಿ. ಒಂದು ಇಂಚು ನಲವತ್ತು ಸೆಂಟ್ ಅಂತ ಓದಿ, ಆಕಾಶ ನೋಡಿ, ಮತ್ತೆ ಓದಿ. ಎರಡನೇ ಸಲ ಒಂಬತ್ತು ಇಂಚು ಕಂಡರೆ ಬರೆಯೋ ಮುಂಚೆ ಮೂಗು ಹಿಡಿಯಿರಿ.

ಪ್ರಶ್ನೆ (ಸೋಮವಾರಪೇಟೆ): ಹಗಲಲ್ಲಿ ಇಷ್ಟು ಮಾಡಿದರೆ ಸಾಕಾ?

ಉತ್ತರ: ಸಾಲದು. ಎಷ್ಟೋ ಕಡೆ ಇದನ್ನು ಹೇಳದೆ ಬಿಡ್ತಾರೆ, ಜನ ಎರಡು ತಿಂಗಳು ಮೂಗು ಹಿಡಿದು ಬೇಸತ್ತು ಬಿಡ್ತಾರೆ. ಆಸ್ಟ್ರೇಲಿಯಾದ ಡೆನ್ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರ ಬರೀ ರಿಯಾಲಿಟಿ ಚೆಕ್ (ಎಚ್ಚರವೋ ಕನಸೋ ಅಂತ ನೋಡುವ ಇಂಥ ಪರೀಕ್ಷೆ) ಮಾಡಿದವರಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದರ ಜೊತೆ ಬೆಳಗಿನ ಜಾವ ಎದ್ದು ಮಲಗುವುದು, ಸಂಕಲ್ಪ ಮಾಡುವುದು ಎರಡೂ ಸೇರಿದಾಗ ಯಶಸ್ಸು ಸುಮಾರು ಶೇ 17 ರಾತ್ರಿಗಳಲ್ಲಿ. ಸಂಕಲ್ಪ ಮುಗಿಸಿ ಐದು ನಿಮಿಷದೊಳಗೆ ನಿದ್ದೆಹೋದವರಲ್ಲಿ ಅದು ಶೇ 46ರ ಹತ್ತಿರ.

ಕಾರಣ ಸರಳ. ಗಾಢವಾದ ಕನಸು ಹೆಚ್ಚು ಬೀಳುವ ರೆಮ್ ನಿದ್ರೆ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಸುತ್ತಿ ಬರುತ್ತೆ, ರಾತ್ರಿಯ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತಾ ಅರ್ಧ ಗಂಟೆ ಅಥವಾ ಮೇಲೆ. ಹತ್ತಕ್ಕೆ ಮಲಗಿದರೆ ಮೂರಕ್ಕೆ ಒಂದೇ ಅಲಾರಂ ಇಡಿ. ಎದ್ದು ಕೂತು, ಮಂದ ಬೆಳಕಲ್ಲಿ ಆಗಷ್ಟೇ ಕಂಡ ಕನಸು ಬರೆಯಿರಿ. ಹತ್ತು ನಿಮಿಷದಲ್ಲಿ ತಲೆ ತಿಳಿಯಾದರೆ ಅಷ್ಟೇ ಸಾಕು. ಮತ್ತೆ ತಕ್ಷಣ ನಿದ್ದೆಗೆ ಜಾರುವವರು ಅರ್ಧ ಗಂಟೆ ತನಕ ಕೂರಲಿ. ಆಮೇಲೆ ಮಲಗಿ "ಮುಂದಿನ ಸಲ ಕನಸು ಬಿದ್ದಾಗ, ಇದು ಕನಸು ಅಂತ ನೆನಪಿಸಿಕೊಳ್ತೇನೆ" ಅಂತ ಅರ್ಥ ಗಮನಿಸುತ್ತಾ ಹೇಳಿಕೊಳ್ಳಿ. ಬರೆದ ಕನಸಿಗೇ ಮನಸ್ಸಲ್ಲಿ ಮರಳಿ, ಕುರುಹು ಬಂದ ಜಾಗದಲ್ಲಿ ನಿಂತು ಮೂಗು ಹಿಡಿದ ಹಾಗೆ ಚಿತ್ರಿಸಿಕೊಳ್ಳಿ. ಅಮೆರಿಕದ ಸ್ಟೀಫನ್ ಲಾಬರ್ಜ್ ರೂಪಿಸಿದ ವಿಧಾನ ಇದು. ನಿದ್ದೆ ಹಾರಿಹೋಗುವಷ್ಟು ಜೋರಾಗಿ ಜಪ ಮಾಡಬೇಡಿ, ತಪ್ಪೋದು ಅಲ್ಲೇ.

ಮೂರು ಗಂಟೆಗೆ ಎದ್ದು ಕಾಫಿ ಬೇಡ, ಎಷ್ಟೇ ಚಳಿ ಇರಲಿ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ಪೆಗ್ ಹಾಕಿದ ದಿನವೂ ಪ್ರಯತ್ನ ಬಿಡಿ, ಮದ್ಯ ರಾತ್ರಿಯ ಮೊದಲರ್ಧದ ರೆಮ್ ಅನ್ನು ಅದುಮುತ್ತೆ, ಉಳಿದರ್ಧ ನಿದ್ದೆ ಹರಿದು ಚೂರಾಗುತ್ತೆ. ವಾರಕ್ಕೆ ಎರಡು ರಾತ್ರಿ ಸಾಕು, ಮಾರನೇ ದಿನ ರಜೆ ಇದ್ದಾಗ.

ಪ್ರಶ್ನೆ (ಕುಶಾಲನಗರ): ಇದು ನಿಜ ಅಂತ ಪುರಾವೆ ಏನು? ಬೆಳಿಗ್ಗೆ ಎದ್ದು ಕಟ್ಟಿದ ಕಥೆ ಯಾಕಾಗಿರಬಾರದು?

ಉತ್ತರ: ರೆಮ್ ನಿದ್ರೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ಕೈಕಾಲು ಆಡೋದಿಲ್ಲ, ಕಣ್ಣು ಮಾತ್ರ ಆಡುತ್ತೆ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅವರ ಪ್ರಯೋಗಕ್ಕೆ ಮಲಗಿದ್ದ ಆಲನ್ ವರ್ಸ್ಲಿ, ಕನಸು ಅಂತ ಗೊತ್ತಾದ ಕೂಡಲೇ ಮೊದಲೇ ಮಾತಾಡಿಕೊಂಡಿದ್ದ ಹಾಗೆ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಯಂತ್ರ ಅದನ್ನು ದಾಖಲಿಸಿತು, ಆಗ ಅವರು ರೆಮ್ ನಿದ್ರೆಯಲ್ಲೇ ಇದ್ದರು. ಸ್ವಲ್ಪ ವರ್ಷದಲ್ಲೇ ಲಾಬರ್ಜ್ ಸ್ಟ್ಯಾನ್‌ಫರ್ಡಿನಲ್ಲಿ ಬೇರೆಯಾಗಿ ಇದನ್ನೇ ತೋರಿಸಿದರು. ಅಂದ ಹಾಗೆ, ನಿಮ್ಮೂರ ಹೊಳೆಯಾಚೆ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರ ಪರಂಪರೆಯಲ್ಲಿ ಸ್ವಪ್ನಯೋಗ ಶತಮಾನಗಳಷ್ಟು ಹಳೆಯದು. ಅಲ್ಲೂ ಹಗಲಿಡೀ "ಇದೂ ಕನಸಿನಂತೆ" ಅಂತ ಭಾವಿಸುವ ಅಭ್ಯಾಸ ಇದೆ. ಗುರಿ ಮಾತ್ರ ಬೇರೆ.

ಪ್ರಶ್ನೆ (ಗೋಣಿಕೊಪ್ಪ): ಕನಸು ಅಂತ ಗೊತ್ತಾಗ್ತದೆ, ಆದರೆ ಖುಷಿಗೆ ಎರಡೇ ಸೆಕೆಂಡಲ್ಲಿ ಎಚ್ಚರ ಆಗ್ತದೆ.

ಉತ್ತರ: ಹಾರೋಕೆ ಹೋಗಬೇಡಿ. ಕನಸಿನ ಕೈಗಳನ್ನು ಒಂದಕ್ಕೊಂದು ಉಜ್ಜಿ, ಬಿಸಿ ಗಮನಿಸಿ, ಗೋಡೆಯೋ ಎಲೆಯೋ ಮುಟ್ಟಿ ನೋಡಿ. ಒಂದೇ ವಸ್ತುವನ್ನು ದಿಟ್ಟಿಸಬೇಡಿ. ಆದರೂ ಎಚ್ಚರವಾಯ್ತು ಅನ್ನಿಸಿದರೆ ಹಾಸಿಗೆಯಲ್ಲೇ ಇನ್ನೊಮ್ಮೆ ಮೂಗು ಹಿಡಿಯಿರಿ. ಎದ್ದ ಹಾಗೆ ಕನಸು ಬೀಳೋದು ಈ ಹೊತ್ತಲ್ಲಿ ಸಾಮಾನ್ಯ.

ಪ್ರಶ್ನೆ (ಮಡಿಕೇರಿ): ಮಗ ಪಿಯುಸಿ, ಇದೇ ಹುಚ್ಚು. ಒಂದು ರಾತ್ರಿ ಎದೆ ಮೇಲೆ ಯಾರೋ ಕೂತ ಹಾಗಾಗಿ ಕಿರುಚೋಕೂ ಆಗಲಿಲ್ಲವಂತೆ. ಆನ್‌ಲೈನಲ್ಲಿ ಮಾತ್ರೆ ಬೇರೆ ನೋಡ್ತಿದ್ದಾನೆ.

ಉತ್ತರ: ಅದು ನಿದ್ರಾ ಪಾರ್ಶ್ವವಾಯು, ಭೂತ ಅಲ್ಲ. ಮನಸ್ಸು ಎದ್ದಿದೆ, ರೆಮ್‌ನಲ್ಲಿ ಸಡಿಲವಾದ ಸ್ನಾಯು ಇನ್ನೂ ಮರಳಿಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಹೋಗುತ್ತೆ. ಉಸಿರಿನ ಮೇಲೆ ಗಮನ ಇಟ್ಟು ಬೆರಳ ತುದಿ ಆಡಿಸೋಕೆ ನೋಡಲಿ. ನಿದ್ದೆ ಕಡಿಮೆಯಾದವರಿಗೆ, ಬೆನ್ನಡಿ ಹಾಕಿ ಮಲಗುವವರಿಗೆ ಹೆಚ್ಚು ಬರುತ್ತೆ. ಪಿಯುಸಿ ಪರೀಕ್ಷೆ ಮುಗಿಯೋ ತನಕ ಮೂರು ಗಂಟೆಯ ಅಲಾರಂ ಬೇಡವೇ ಬೇಡ, ಓದಿದ್ದು ನೆನಪಾಗಿ ನಿಲ್ಲೋಕೂ ಆ ನಿದ್ದೆಯೇ ಬೇಕು. ಹಗಲಿನ ಅಭ್ಯಾಸ ಮಾತ್ರ ಮಾಡಲಿ.

ಮಾತ್ರೆ ಬಹುಶಃ ಗ್ಯಾಲಂಟಮೈನ್. ಅದು ಮರೆವಿನ ಕಾಯಿಲೆಗೆ ಕೊಡುವ ಔಷಧ, ಹೃದಯದ ಬಡಿತ ತೀರಾ ನಿಧಾನ ಮಾಡಬಲ್ಲದು. ವೈದ್ಯರು ಬರೆಯದೆ ಮನೆಗೆ ತರಿಸಬೇಡಿ. ಭ್ರಮೆ, ಬೈಪೋಲಾರ್ ತೊಂದರೆ ಇರುವವರು, "ಎಲ್ಲವೂ ಸುಳ್ಳೇನೋ" ಅನ್ನೋ ಭಾವನೆ ಹಗಲಲ್ಲೇ ಕಾಡುವವರು ಈ ಅಭ್ಯಾಸಕ್ಕೇ ಕೈ ಹಾಕಬಾರದು. ಎಲ್ಲರಿಗೂ ಒಂದು ಮಾತು: ಎತ್ತರದಿಂದ ಜಿಗಿದು ನೋಡೋದು ಯಾವತ್ತೂ ಪರೀಕ್ಷೆ ಅಲ್ಲ. ಸಂಪಾಜೆ ಘಾಟಿಯಲ್ಲಿ ಸ್ಟೀರಿಂಗ್ ಹಿಡಿದಾಗ ಈ ಅನುಮಾನಕ್ಕೂ ರಜೆ ಕೊಡಿ.

ಪ್ರಶ್ನೆ (ಸುಂಟಿಕೊಪ್ಪ): ಡಾಕ್ಟ್ರೇ, ಮಳೆಗಾಲದಲ್ಲಿ ನನಗೆ ಮೂಗು ಕಟ್ಟೇ ಇರ್ತದೆ. ಪರೀಕ್ಷೆ ಕೆಡ್ತದಾ?

ಉತ್ತರ: ಕೆಡೋದಿಲ್ಲ. ಮೂಗು ಕಟ್ಟಿದ್ದರೂ ಹಿಂಡಿ, ಬಾಯಿ ಮುಚ್ಚಿ, ಅಷ್ಟೇ. ಶೀತ ಇದ್ದವರು ಗೊತ್ತಿಲ್ಲದೆ ತುಟಿ ಸಂದಿಯಲ್ಲಿ ಉಸಿರೆಳೀತಾರೆ, ಅದನ್ನು ನೋಡಿಕೊಳ್ಳಿ. ಕಟ್ಟಿದ ಮೂಗಿಂದ ಸರಾಗವಾಗಿ ಗಾಳಿ ಬಂದರೆ ನಿಮಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತೆ.